ಬೆಂಗಳೂರಲ್ಲಿ ಸರ್ಫ್ ಗಿಟಾರ್ ಬ್ಯಾಂಡ್ ನೋಡೋಕೆ ಹೊರಟಿದ್ದೀರಾ? ಹೀಗೆ ತಯಾರಾಗಿ

ಸರ್ಫ್ ಗಿಟಾರ್ ಅಂದ್ರೆ 1960ರ ದಶಕದ ಶುರುವಿನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಅಲೆ ಸವಾರಿ (ಸರ್ಫಿಂಗ್) ಮಾಡುವವರ ನಡುವೆ ಬೆಳೆದ ಗಿಟಾರ್ ಸಂಗೀತ. ಅದನ್ನು ಫೋನಿನಲ್ಲಿ ಕೇಳಿ "ಪರವಾಗಿಲ್ಲ" ಅಂದು ಸುಮ್ಮನಾದವರು ಜಾಸ್ತಿ. ಅದೇ ಜನ ಒಂದು ಚಿಕ್ಕ ಹಾಲ್‌ನಲ್ಲಿ, ಆಂಪ್‌ನಿಂದ (ಗಿಟಾರಿನ ದನಿ ಜೋರು ಮಾಡುವ ಸ್ಪೀಕರ್ ಪೆಟ್ಟಿಗೆ) ಹತ್ತು ಹದಿನೈದು ಅಡಿ ದೂರದಲ್ಲಿ ನಿಂತು ಕೇಳಿದ ಮೇಲೆ ಬೇರೆಯೇ ಮಾತಾಡುತ್ತಾರೆ. ಈ ಸಂಗೀತ ಬೆಳೆದಿದ್ದೇ ಕುಣಿಯುವ ಹಾಲ್‌ಗಳಲ್ಲಿ. ಸಾವಿರಾರು ಜನರ ಗದ್ದಲದ ಮಧ್ಯೆಯೂ ಕೇಳಬೇಕು ಅಂತಲೇ ಇದಕ್ಕೆ ದೊಡ್ಡ ಆಂಪ್‌ಗಳನ್ನು ಕಟ್ಟಿದರು. ಹಾಗಾಗಿ ಎದುರಿಗೆ ನಿಂತು ಕೇಳಿದಾಗಲೇ ಇದರ ಪೂರ್ತಿ ಪರಿಚಯ ಆಗೋದು.

ಬೆಂಗಳೂರಲ್ಲಿ ಈ ಅವಕಾಶ ಪದೇ ಪದೇ ಸಿಗಲ್ಲ. ಸಿಕ್ಕಾಗ ಕೈಬಿಡದ ಹಾಗೆ ಏನೇನು ಮಾಡಬೇಕು ಅಂತ ಒಂದೊಂದಾಗಿ ಹೇಳುತ್ತೇನೆ. ರಾಕ್ ಸಂಗೀತದ ಗಂಧವೇ ಇಲ್ಲ ಅನ್ನುವವರೂ ಧೈರ್ಯವಾಗಿ ಬನ್ನಿ. ನಾನಿಲ್ಲಿ ಹೇಳುತ್ತಿರುವ ಬಗೆಯಲ್ಲಿ ಹಾಡುವವರು ಇರೋದೇ ಅಪರೂಪ, ಗಿಟಾರ್‌ಗಳೇ ಮಾತಾಡೋದು. ಇಂಗ್ಲಿಷ್ ಸಾಹಿತ್ಯ ಅರ್ಥವಾಗಲಿಲ್ಲ ಅನ್ನುವ ಚಿಂತೆಯೇ ಇಲ್ಲ.

ಮೊದಲ ಹೆಜ್ಜೆ: ಕಿವಿ ಪಳಗಿಸಿ

ಗಿಗ್‌ಗೆ, ಅಂದ್ರೆ ಬ್ಯಾಂಡ್‌ನ ಕಾರ್ಯಕ್ರಮಕ್ಕೆ, ಒಂದು ವಾರ ಇರುವಾಗಲೇ ಕೇಳೋಕೆ ಶುರು ಮಾಡಿ. ಫೋನಿನ ಸ್ಪೀಕರ್‌ನಲ್ಲಿ ಬೇಡ, ಇಯರ್‌ಫೋನ್ ಹಾಕಿಕೊಳ್ಳಿ. ನಾಲ್ಕೇ ಟ್ಯೂನ್ ಸಾಕು.

ವೆಂಚರ್ಸ್ ಬ್ಯಾಂಡ್‌ನ 'ವಾಕ್ ಡೋಂಟ್ ರನ್' 1960ರದ್ದು. ಇವರು ಕ್ಯಾಲಿಫೋರ್ನಿಯಾದವರಲ್ಲ, ವಾಷಿಂಗ್ಟನ್ ರಾಜ್ಯದ ಟಕೋಮಾದವರು. ಇವರನ್ನು ಸರ್ಫ್ ಅನ್ನಬೇಕಾ ಬೇಡವಾ ಅಂತ ಅಭಿಮಾನಿಗಳಲ್ಲಿ ಚರ್ಚೆ ಇದೆ. ಆದರೆ ಎರಡು ಗಿಟಾರ್, ಒಂದು ಬೇಸ್, ಒಂದು ಡ್ರಮ್ಸ್ ಇಟ್ಟುಕೊಂಡು ಹಾಡಿಲ್ಲದೆ ಹೇಗೆ ನುಡಿಸಬಹುದು ಅನ್ನೋದು ಇಲ್ಲಿ ಸ್ಪಷ್ಟವಾಗಿ ಕೇಳುತ್ತೆ. ಎರಡನೆಯದು ಚಾಂಟೇಸ್‌ನ 'ಪೈಪ್‌ಲೈನ್'. ನುಡಿಸಿದವರು ಆಗ ಇನ್ನೂ ಹೈಸ್ಕೂಲ್ ಹುಡುಗರು. ಹವಾಯಿಯ ಒಂದು ಪ್ರಸಿದ್ಧ ಅಲೆಯ ಹೆಸರನ್ನೇ ಟ್ಯೂನಿಗೆ ಇಟ್ಟರು. ಶುರುವಿನಲ್ಲೇ ದಪ್ಪ ತಂತಿಯ ಮೇಲೆ ಬೆರಳು ಸರ್ರನೆ ಕೆಳಗೆ ಜಾರುತ್ತೆ, ಗಮನಿಸಿ. ಮೂರನೆಯದು ಸರ್ಫಾರಿಸ್‌ನ 'ವೈಪ್ ಔಟ್', 1963. ಇದನ್ನು ಡ್ರಮ್ಸ್‌ಗೋಸ್ಕರ ಕೇಳಿ.

ನಾಲ್ಕನೆಯದು ಈ ಸಂಗೀತಕ್ಕೆ ದಾರಿ ಹಾಕಿದ ಗಿಟಾರಿಸ್ಟ್ ಡಿಕ್ ಡೇಲ್ ನುಡಿಸಿದ 'ಮಿಸರ್ಲೂ', 1962. ಇದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕಂದ್ರೆ ನಮ್ಮ ಕಿವಿಗೆ ಇದು ಹೊಸದಲ್ಲವೇ ಅಲ್ಲ.

ಈ ಟ್ಯೂನ್ ಡಿಕ್ ಡೇಲ್ ಕಟ್ಟಿದ್ದಲ್ಲ. ಮೆಡಿಟರೇನಿಯನ್ ಸಮುದ್ರದ ಪೂರ್ವ ತೀರದ ಹಳೇ ಹಾಡು, 1920ರ ದಶಕದಲ್ಲೇ ಗ್ರೀಕ್ ಭಾಷೆಯಲ್ಲಿ ರೆಕಾರ್ಡ್ ಆಗಿತ್ತು. ಡೇಲ್ ಅವರ ತಂದೆಯ ಕಡೆಯವರು ಲೆಬನಾನ್ ಮೂಲದವರು. ಮನೆಯ ಹಿರಿಯರೊಬ್ಬರು ಊದ್ ಅನ್ನುವ ಅರಬ್ ತಂತಿವಾದ್ಯ ನುಡಿಸುತ್ತಿದ್ದರು. ಆ ಕಡೆಯ ಟ್ಯೂನನ್ನು ಡೇಲ್ ಎಲೆಕ್ಟ್ರಿಕ್ ಗಿಟಾರಿಗೆ ತಂದು, ವೇಗ ಹೆಚ್ಚಿಸಿ, ಒಂದೇ ತಂತಿಯ ಮೇಲೆ ಓಡಿಸಿದರು. ಅದರ ಸ್ವರಗಳನ್ನು ಬರೆದುಕೊಂಡು ನೋಡಿ: ಷಡ್ಜ, ಶುದ್ಧ ರಿಷಭ, ಅಂತರ ಗಾಂಧಾರ, ಶುದ್ಧ ಮಧ್ಯಮ, ಪಂಚಮ, ಶುದ್ಧ ಧೈವತ, ಕಾಕಲಿ ನಿಷಾದ. ಹದಿನೈದನೇ ಮೇಳಕರ್ತ ಮಾಯಾಮಾಳವಗೌಳದ ಸ್ವರಗಳೇ! ಸಂಗೀತ ಪಾಠಕ್ಕೆ ಸೇರಿದ ಮೊದಲ ದಿನ ಸರಳೆ ವರಸೆ ಶುರುವಾಗೋದು ಇದರಲ್ಲೇ. ಪುರಂದರದಾಸರು ಹಾಕಿಕೊಟ್ಟ ಪಾಠ ಅಂತ ಮಲ್ಲೇಶ್ವರದಲ್ಲೂ ಬಸವನಗುಡಿಯಲ್ಲೂ ಮಕ್ಕಳು ಈಗಲೂ ಹಾಡುವ ಸ್ವರಗಳು. ಗಮಕ ಇಲ್ಲ, ರಾಗದ ನಡೆ ಇಲ್ಲ, ಹಾಗಾಗಿ ಇದನ್ನು ರಾಗ ಅನ್ನೋಕಾಗಲ್ಲ. ಆದರೆ ಸ್ವರಸ್ಥಾನ ಅದೇ. ಒಂದು ಗಿಗ್‌ನಲ್ಲಿ ನನ್ನ ಜತೆ ಬಂದಿದ್ದ ಗೆಳತಿ ಚಿಕ್ಕಂದಿನಲ್ಲಿ ಪಾಠಕ್ಕೆ ಹೋದವಳು. ಟ್ಯೂನ್ ಶುರುವಾದ ಕೂಡಲೇ ನನ್ನ ಕಿವಿ ಹತ್ತಿರ ಬಂದು "ಏ, ಇದು ಮಾಯಾಮಾಳವಗೌಳ ಅಲ್ವಾ?" ಅಂತ ಕೂಗಿದಳು. ಆಮೇಲೆ ಇಡೀ ಸಂಜೆ ಅವಳ ಕೈ ತೊಡೆ ಮೇಲೆ ತಾಳ ಹಾಕುತ್ತಲೇ ಇತ್ತು. ನೀವು ಸಂಗೀತ ಕಲಿತವರಾದರೆ ಮನೆಯಲ್ಲಿ ಒಮ್ಮೆ ಸರಳೆ ವರಸೆ ಹಾಡಿಕೊಂಡು ಆಮೇಲೆ ಇದನ್ನು ಕೇಳಿ. ಮಕ್ಕಳಿಗೂ ಕೇಳಿಸಿ.

ಹಿಂದಿ ಹಾಡುಗಳ ಪರಿಚಯ ಇರುವವರಿಗೆ ಇನ್ನೊಂದು ದಾರಿ ಇದೆ. 1965ರ 'ಗುಮ್‌ನಾಮ್' ಸಿನಿಮಾದಲ್ಲಿ ಶಂಕರ್–ಜೈಕಿಶನ್ ಸಂಗೀತ ಕೊಟ್ಟ, ರಫಿ ಹಾಡಿದ 'ಜಾನ್ ಪೆಹಚಾನ್ ಹೋ' ಕೇಳಿ. ಹಾಡನ್ನು ಬಿಟ್ಟು ಹಿಂದಿನ ಗಿಟಾರ್ ಮಾತ್ರ ಕೇಳಿಸಿಕೊಳ್ಳಿ. ಆ ಕಾಲದ ಗಿಟಾರ್ ಬ್ಯಾಂಡ್‌ಗಳ ಗಾಳಿ ನಮ್ಮ ಕಡೆಗೂ ಬೀಸಿತ್ತು ಅಂತ ತಾನಾಗೇ ಗೊತ್ತಾಗುತ್ತೆ.

ಇತಿಹಾಸ ಇಷ್ಟು ತಿಳಿದರೆ ಸಾಕು. 1961ರಲ್ಲಿ ಕ್ಯಾಲಿಫೋರ್ನಿಯಾದ ಬಾಲ್ಬೋವಾದಲ್ಲಿದ್ದ ರಾಂಡೆವೂ ಬಾಲ್‌ರೂಮ್ ಅನ್ನುವ ಕುಣಿತದ ಹಾಲ್‌ನಲ್ಲಿ ಡಿಕ್ ಡೇಲ್ ನುಡಿಸೋಕೆ ಶುರು ಮಾಡಿದಾಗ ಹಗಲೆಲ್ಲ ಅಲೆ ಸವಾರಿ ಮಾಡಿದ ಹುಡುಗ ಹುಡುಗಿಯರು ರಾತ್ರಿ ಅಲ್ಲಿ ಸೇರುತ್ತಿದ್ದರು. 1964ರಲ್ಲಿ ಬೀಟಲ್ಸ್ ಅಮೆರಿಕಕ್ಕೆ ಬಂದ ಮೇಲೆ ಎಲ್ಲರ ಗಮನ ಆ ಕಡೆ ಹೋಯಿತು. 1994ರಲ್ಲಿ 'ಪಲ್ಪ್ ಫಿಕ್ಷನ್' ಸಿನಿಮಾದ ಟೈಟಲ್ ಮಿಸರ್ಲೂ ಜತೆಗೇ ಬಂದಿದ್ದೇ ತಡ, ಹೊಸ ತಲೆಮಾರು ಮತ್ತೆ ಇದರ ಹಿಂದೆ ಬಿತ್ತು.

ಎರಡನೇ ಹೆಜ್ಜೆ: ಗಿಗ್ ಹುಡುಕಿ, ಆದರೆ ಹೆಸರು ನೋಡಿ ನಂಬಬೇಡಿ

ಬುಕ್‌ಮೈಶೋ, ಡಿಸ್ಟ್ರಿಕ್ಟ್, ಸ್ಕಿಲ್‌ಬಾಕ್ಸ್ ಇಂಥ ಟಿಕೆಟ್ ಆ್ಯಪ್‌ಗಳಲ್ಲಿ 'ಸರ್ಫ್' ಅಂತ ಹುಡುಕಿ. ಅಷ್ಟಕ್ಕೇ ನಿಲ್ಲಿಸದೆ 'ಇನ್‌ಸ್ಟ್ರುಮೆಂಟಲ್', 'ಗ್ಯಾರೇಜ್ ರಾಕ್', 'ರಾಕಬಿಲ್ಲಿ' ಅಂತಲೂ ಹುಡುಕಿ. ನಮ್ಮೂರಲ್ಲಿ ಪೂರ್ತಿ ಸರ್ಫ್ ಬ್ಯಾಂಡ್‌ಗಿಂತ, ಈ ಥರದ ಬ್ಯಾಂಡ್‌ಗಳ ನಡುವೆ ನಾಲ್ಕಾರು ಸರ್ಫ್ ಟ್ಯೂನ್ ಕೇಳಿಸೋ ಸಾಧ್ಯತೆ ಜಾಸ್ತಿ.

ಇಲ್ಲಿ ಒಂದು ಎಚ್ಚರ. ಈಗೀಗ ಪೋಸ್ಟರ್ ಮೇಲೆ 'ಸರ್ಫ್ ರಾಕ್' ಅಂತ ಇದ್ದರೂ ಒಳಗೆ ಮೆಲುದನಿಯಲ್ಲಿ ಹಾಡುವ ಇಂಡೀ ಪಾಪ್ ಇರಬಹುದು. ಅದೂ ಚೆನ್ನಾಗಿರುತ್ತೆ, ಆದರೆ ನೀವು ಹುಡುಕುತ್ತಿರೋದು ಅದಲ್ಲ. ಟಿಕೆಟ್ ತಗೊಳ್ಳೋ ಮುಂಚೆ ಬ್ಯಾಂಡ್‌ನ ಎರಡು ಟ್ಯೂನ್ ಕೇಳಿ. ಹಾಡಿಲ್ಲದೆ ಗಿಟಾರ್ ಮುಂದಾಳಾಗಿದೆಯಾ? ದನಿ ಒದ್ದೆ ಒದ್ದೆಯಾಗಿ ಗುಂಯ್‌ಗುಡುತ್ತಿದೆಯಾ? ಡ್ರಮ್ಸ್ 'ಧುಂ, ಟಟ, ಧುಂ, ಟ' ಅಂತ ಓಡುತ್ತಿದೆಯಾ? ಮೂರಕ್ಕೂ ಹೌದು ಅಂದ್ರೆ ತಡಮಾಡದೆ ಟಿಕೆಟ್ ತಗೊಳ್ಳಿ.

ಇನ್‌ಸ್ಟಾಗ್ರಾಮ್‌ನಲ್ಲಿ ಬ್ಯಾಂಡನ್ನು ಮಾತ್ರ ಫಾಲೋ ಮಾಡಿದರೆ ಸಾಲದು. ಅದರ ಡ್ರಮ್ಮರ್, ಬೇಸ್ ನುಡಿಸುವವರನ್ನೂ ಫಾಲೋ ಮಾಡಿ. ಬೆಂಗಳೂರಲ್ಲಿ ಒಬ್ಬರೇ ಕಲಾವಿದರು ಹಲವು ಬ್ಯಾಂಡ್‌ಗಳಲ್ಲಿ ಇರೋದು ಮಾಮೂಲು. ದೊಡ್ಡ ಜಾಹೀರಾತು ಇಲ್ಲದ ಚಿಕ್ಕ ಗಿಗ್‌ಗಳ ಸುದ್ದಿ ಅವರಿಂದಲೇ ಮೊದಲು ಬರುತ್ತೆ. ಸ್ವಾತಂತ್ರ್ಯ ದಿನದ ಆಸುಪಾಸಿನಲ್ಲಿ ನಡೆದು ಬಂದಿರುವ ಫ್ರೀಡಂ ಜ್ಯಾಮ್ ಸಂಗೀತ ಉತ್ಸವ, ಜೂನ್ 21ರ ವಿಶ್ವ ಸಂಗೀತ ದಿನಕ್ಕೆ ವಸಂತನಗರದ ಅಲಿಯಾನ್ಸ್ ಫ್ರಾನ್ಸೇಸ್ ನಡೆಸುವ ಕಾರ್ಯಕ್ರಮ ಇವುಗಳ ಮೇಲೂ ಒಂದು ಕಣ್ಣಿಡಿ. ಬೇರೆ ಬೇರೆ ಬಗೆಯ ಬ್ಯಾಂಡ್‌ಗಳನ್ನು ಒಂದೇ ಕಡೆ ನೋಡಬಹುದು.

ಮೂರನೇ ಹೆಜ್ಜೆ: ಜಾಗ, ಸಮಯ, ದಾರಿ

ಆಯ್ಕೆ ಇದ್ದರೆ ಚಿಕ್ಕ ಜಾಗಕ್ಕೆ ಹೋಗಿ. ದೊಡ್ಡ ಮೈದಾನದ ಉತ್ಸವದಲ್ಲಿ ಗಿಟಾರಿನ ದನಿ ಸ್ಪೀಕರ್ ಕಂಬಗಳಿಂದ ಬರುತ್ತೆ, ಆಂಪ್‌ನಿಂದ ನೇರವಾಗಿ ಬರಲ್ಲ. ಸರ್ಫ್‌ಗೆ ಆಂಪ್‌ನ ನೇರ ದನಿಯೇ ಜೀವ. ವೈಟ್‌ಫೀಲ್ಡ್‌ನ ವಿಂಡ್‌ಮಿಲ್ಸ್ ಪಬ್‌ನಂಥ ಕಡೆ ಕೂತು ಕೇಳುವ ವ್ಯವಸ್ಥೆ, ಗಮನವಿಟ್ಟು ಕೇಳೋಕೆ ಒಳ್ಳೆಯದು. ನಿಂತು ಕುಣಿಯುವ ಪಬ್ ವೇದಿಕೆಗಳ ಮಜಾ ಬೇರೆ. ನನ್ನನ್ನು ಕೇಳಿದರೆ ಈ ಸಂಗೀತಕ್ಕೆ ನಿಂತುಕೊಳ್ಳುವ ಜಾಗವೇ ಸರಿ.

ತೆರೆದ ಜಾಗದ ಗಿಗ್ ಆದರೆ ಸಮಯಕ್ಕೆ ಮುಂಚೆಯೇ ಹೋಗಿ. ಶಬ್ದ ಮಾಲಿನ್ಯದ ನಿಯಮದ ಪ್ರಕಾರ ರಾತ್ರಿ 10ರ ನಂತರ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಒಂಬತ್ತೂವರೆಗೆ ತಲುಪಿದರೆ ಕೊನೇ ಎರಡು ಟ್ಯೂನ್ ಮಾತ್ರ ಸಿಗುತ್ತೆ. ಮೇ ತಿಂಗಳಿಂದ ಅಕ್ಟೋಬರ್ ತನಕ ಮಳೆ ಯಾವಾಗ ಬರುತ್ತೋ ಹೇಳೋಕಾಗಲ್ಲ. ಹೊರಡೋ ಮುಂಚೆ ಬ್ಯಾಂಡ್‌ನ ಪೇಜ್ ಒಮ್ಮೆ ನೋಡಿಕೊಳ್ಳಿ.

ಟಿಕೆಟ್‌ನಲ್ಲಿ 'ಗೇಟ್ ಓಪನ್' ಅಂತ ಇರುವ ಹೊತ್ತೇ ಬೇರೆ, ಬ್ಯಾಂಡ್ ವೇದಿಕೆ ಹತ್ತುವ ಹೊತ್ತೇ ಬೇರೆ. ಪಬ್‌ಗೆ ಫೋನ್ ಮಾಡಿ "ಬ್ಯಾಂಡ್ ಎಷ್ಟು ಗಂಟೆಗೆ ಶುರು?" ಅಂತ ನೇರವಾಗಿ ಕೇಳಿ, ಹೇಳುತ್ತಾರೆ. ಟಿಕೆಟ್ ಹಣದಲ್ಲಿ ಊಟ ತಿಂಡಿಗೆ ಎಷ್ಟು ವಾಪಸ್ ಬರುತ್ತೆ ಅನ್ನೋದನ್ನೂ ಆಗಲೇ ಕೇಳಿಕೊಳ್ಳಿ. ಹೆಚ್ಚಿನ ಪಬ್‌ಗಳಲ್ಲಿ 21 ವರ್ಷ ತುಂಬಿರಬೇಕು, ಗುರುತಿನ ಚೀಟಿ ಜೇಬಲ್ಲಿರಲಿ. ಮಕ್ಕಳನ್ನು ಕರೆದುಕೊಂಡು ಹೋಗೋದಾದರೆ ಮೊದಲೇ ವಿಚಾರಿಸಿ.

ಎಂ.ಜಿ. ರಸ್ತೆ, ಇಂದಿರಾನಗರಕ್ಕೆ ನೇರಳೆ ಮಾರ್ಗದ ಮೆಟ್ರೋ ಇದೆ, ಕಣ್ಣು ಮುಚ್ಚಿ ಅದರಲ್ಲೇ ಹೋಗಿ. 2023ರಿಂದ ವೈಟ್‌ಫೀಲ್ಡ್‌ಗೂ ಅದೇ ಮಾರ್ಗ. ಕೋರಮಂಗಲದ ಒಳಗೆ ಮೆಟ್ರೋ ಇಲ್ಲ, ಶುಕ್ರವಾರ ಸಂಜೆಯಾದರೆ ಒಂದು ಗಂಟೆ ಮುಂಚೆಯೇ ಹೊರಡಿ. ಕೊನೇ ರೈಲಿನ ಹೊತ್ತನ್ನು ಹೋಗುವಾಗಲೇ ನಿಲ್ದಾಣದಲ್ಲಿ ನೋಡಿಟ್ಟುಕೊಳ್ಳಿ. ಹೊಟ್ಟೆಗೆ ಏನಾದರೂ ಹಾಕಿಕೊಂಡೇ ಹೋಗಿ. ಬ್ಯಾಂಡ್ ನುಡಿಸುತ್ತಿರುವಾಗ ಆರ್ಡರ್ ಮಾಡಿಕೊಂಡು ಕೂತರೆ ಅರ್ಧ ಸಂಗೀತ ಅಲ್ಲೇ ಹೋಯಿತು.

ನಾಲ್ಕನೇ ಹೆಜ್ಜೆ: ಇಯರ್‌ಪ್ಲಗ್

ಇದನ್ನು ದಯವಿಟ್ಟು ಬಿಡಬೇಡಿ. ಸರ್ಫ್ ಗಿಟಾರಿನ ದನಿ ಚೂಪು. ಅಮೆರಿಕದ ಕಾರ್ಮಿಕ ಆರೋಗ್ಯ ಸಂಸ್ಥೆಯ ಲೆಕ್ಕದ ಪ್ರಕಾರ 85 ಡೆಸಿಬೆಲ್ ಶಬ್ದದಲ್ಲಿ 8 ಗಂಟೆ ಇರಬಹುದು, 100 ಡೆಸಿಬೆಲ್‌ನಲ್ಲಿ 15 ನಿಮಿಷ ಮಾತ್ರ. ಚಿಕ್ಕ ಪಬ್‌ನಲ್ಲಿ ಡ್ರಮ್ಸ್ ಪಕ್ಕ ನಿಂತರೆ ಆ ಮಟ್ಟ ಸುಲಭವಾಗಿ ಮುಟ್ಟುತ್ತೆ. ಮೆಡಿಕಲ್ ಶಾಪ್‌ನಲ್ಲಿ ಸಿಗುವ ಫೋಮ್ ಪ್ಲಗ್ ಕಿವಿ ಉಳಿಸುತ್ತೆ, ಆದರೆ ಗಿಟಾರಿನ ಮಿಂಚನ್ನೂ ಮಂಕಾಗಿಸುತ್ತೆ. ಸಂಗೀತಗಾರರಿಗೆ ಅಂತಲೇ ಮಾಡಿದ ಪ್ಲಗ್‌ಗಳು ಎಲ್ಲ ದನಿಯನ್ನೂ ಹೆಚ್ಚುಕಮ್ಮಿ ಒಂದೇ ಸಮ ತಗ್ಗಿಸುತ್ತವೆ. ಆಗಾಗ ಗಿಗ್‌ಗೆ ಹೋಗುವವರು ಒಂದು ಜೊತೆ ತಗೊಂಡರೆ ವರ್ಷಗಟ್ಟಲೆ ಬಾಳಿಕೆ ಬರುತ್ತೆ. ಮಕ್ಕಳಿಗಾದರೆ ಕಿವಿ ಪೂರ್ತಿ ಮುಚ್ಚುವ ಇಯರ್‌ಮಫ್ ಹಾಕಿ.

ಐದನೇ ಹೆಜ್ಜೆ: ನಿಲ್ಲುವ ಜಾಗ

ಒಳಗೆ ಹೋದ ಕೂಡಲೇ ವೇದಿಕೆ ಮೇಲೆ ಲೀಡ್ ಗಿಟಾರಿನ (ಮುಖ್ಯ ಟ್ಯೂನ್ ನುಡಿಸುವ ಗಿಟಾರ್) ಆಂಪ್ ಎಲ್ಲಿದೆ ನೋಡಿ. ಅದರ ನೇರ ಎದುರು ನಿಲ್ಲಬೇಡಿ. ಗಿಟಾರ್ ಸ್ಪೀಕರ್ ತನ್ನ ಚೂಪು ದನಿಯನ್ನೆಲ್ಲ ನೇರ ಮುಂದಕ್ಕೆ ಎಸೆಯುತ್ತೆ, ಅಲ್ಲಿ ನಿಂತವರಿಗೆ ಕಿವಿ ಚುಚ್ಚುತ್ತೆ. ಎರಡು ಮೂರು ಹೆಜ್ಜೆ ಪಕ್ಕಕ್ಕೆ, ಹತ್ತು ಹದಿನೈದು ಅಡಿ ದೂರ. ಅಲ್ಲಿ ದನಿ ದುಂಡಗೆ ಬರುತ್ತೆ. ಗಿಟಾರಿಸ್ಟ್‌ನ ಬಲಗೈ ಕಾಣುವ ಪಕ್ಕವನ್ನೇ ಆರಿಸಿಕೊಳ್ಳಿ, ಎಡಗೈಯವರಾದರೆ ಅದರ ಉಲ್ಟಾ. ಗೋಡೆಗೆ ಒರಗಿ ನಿಂತರೆ ಬೇಸ್ ಬೇಕಿದ್ದಕ್ಕಿಂತ ಹೆಚ್ಚಾಗಿ ಗುಂಗುಡುತ್ತೆ.

ದೊಡ್ಡ ಹಾಲ್ ಆದರೆ ಸೌಂಡ್ ಇಂಜಿನಿಯರ್ ಕೂತಿರುವ ಮಿಕ್ಸರ್ ಹತ್ತಿರ ಹೋಗಿ ನಿಲ್ಲಿ. ಅವರು ಅಲ್ಲಿಂದಲೇ ಕೇಳಿಕೊಂಡು ದನಿ ಹೊಂದಿಸೋದು.

ಆರನೇ ಹೆಜ್ಜೆ: ನೋಡಬೇಕಾದ್ದು

ಮೊದಲು ಬಲಗೈ ನೋಡಿ. ಪಿಕ್ (ತಂತಿ ಮೀಟುವ ಚಿಕ್ಕ ಬಿಲ್ಲೆ) ಹಿಡಿದ ಕೈ ಒಂದೇ ತಂತಿಯನ್ನು ಮೇಲೆ–ಕೆಳಗೆ, ಮೇಲೆ–ಕೆಳಗೆ ಎಡೆಬಿಡದೆ ಮೀಟುತ್ತೆ. ಎಡಗೈ ಸ್ವರ ಬದಲಿಸುತ್ತಾ ಹೋಗುತ್ತೆ, ಬಲಗೈ ನಿಲ್ಲೋದೇ ಇಲ್ಲ. ಹತ್ತಿರದಿಂದ ನೋಡಿದರೆ ಚಲನೆ ಎಷ್ಟು ಚಿಕ್ಕದು ಅಂತ ಆಶ್ಚರ್ಯ ಆಗುತ್ತೆ. ಪಿಕ್‌ನ ತುದಿ ತಂತಿಯಿಂದ ಆಚೆ ಈಚೆ ಕೂದಲೆಳೆಯಷ್ಟೇ ಸರಿಯುತ್ತೆ. ಮಣಿಕಟ್ಟು ಸಡಿಲ, ಹೆಬ್ಬೆರಳು ತೋರುಬೆರಳು ಮಾತ್ರ ಬಿಗಿ. ಡಿಕ್ ಡೇಲ್ ದಾರಿಯಲ್ಲಿ ನಡೆಯುವವರು ತಂತಿಯನ್ನೂ ದಪ್ಪದ್ದೇ ಹಾಕುತ್ತಾರೆ. ಅರ್ಧ ಗಂಟೆ ಕಳೆದ ಮೇಲೆ ಗಿಟಾರಿನ ಮೈಮೇಲೆ, ತಂತಿಗಳ ಕೆಳಗೆ, ಸಣ್ಣ ಬಿಳಿ ಪುಡಿ ಬಿದ್ದಿದ್ದರೆ ನೋಡಿ. ದಪ್ಪ ತಂತಿಗೆ ಉಜ್ಜಿ ಉಜ್ಜಿ ಸವೆದ ಪಿಕ್‌ನ ಪ್ಲಾಸ್ಟಿಕ್ ಅದು. ಟ್ಯೂನ್ ಮುಗಿದಾಗ ಗಿಟಾರಿಸ್ಟ್ ಹಳೇ ಪಿಕ್ ಬಿಸಾಕಿ ಮೈಕ್ ಸ್ಟ್ಯಾಂಡ್‌ಗೆ ಸಿಕ್ಕಿಸಿದ ಹೊಸದನ್ನು ಕಿತ್ತುಕೊಳ್ಳುತ್ತಾರೆ. ಎರಡು ಸೆಕೆಂಡ್‌ನ ಕೆಲಸ, ಆದರೆ ಆ ಕೈ ಎಷ್ಟು ದುಡಿದಿದೆ ಅಂತ ಅದರಲ್ಲೇ ಗೊತ್ತಾಗುತ್ತೆ.

ಆಮೇಲೆ ಆಂಪ್ ಕಡೆ ಕಣ್ಣು ಹಾಯಿಸಿ. ಅದರ ಮೇಲೆ ಅಥವಾ ಪಕ್ಕದಲ್ಲಿ ಒಂದು ಸಣ್ಣ ಪೆಟ್ಟಿಗೆ ಇದೆಯಾ? ಅದರ ಮೇಲೆ ತಿರುಗಿಸುವ ಮೂರು ಗುಂಡಿ: ಡ್ವೆಲ್, ಮಿಕ್ಸರ್, ಟೋನ್. ಇದ್ದರೆ ನಿಮ್ಮ ಅದೃಷ್ಟ. ದನಿಗೆ ಅನುರಣನ ಕೊಡುವ ರಿವರ್ಬ್ ಪೆಟ್ಟಿಗೆ ಅದೇ. ಒಳಗೆ ಸ್ಪ್ರಿಂಗ್‌ಗಳಿರುತ್ತವೆ. ಗಿಟಾರಿನ ದನಿ ವಿದ್ಯುತ್ ಆಗಿ ಒಳಗೆ ಬಂದು ಸ್ಪ್ರಿಂಗ್‌ನ ಒಂದು ತುದಿಯನ್ನು ನಡುಗಿಸುತ್ತೆ. ಆ ನಡುಕ ಇನ್ನೊಂದು ತುದಿಗೆ ಹೋಗಿ, ಅಲ್ಲಿಂದ ಬಡಿದು ವಾಪಸ್ ಬಂದು, ಮತ್ತೆ ಹೋಗುತ್ತೆ. ಇನ್ನೊಂದು ತುದಿಯಲ್ಲಿ ಸಿಕ್ಕಿದ್ದನ್ನು ಮತ್ತೆ ವಿದ್ಯುತ್ ಮಾಡಿ ಮೂಲ ದನಿಯ ಜತೆ ಬೆರೆಸುತ್ತಾರೆ. ಹ್ಯಾಮಂಡ್ ಆರ್ಗನ್‌ನಲ್ಲಿ ಮೊದಲೇ ಇದ್ದ ಈ ಉಪಾಯವನ್ನು ಫೆಂಡರ್ ಕಂಪನಿ 1961ರಲ್ಲಿ ಗಿಟಾರ್‌ನವರಿಗಾಗಿ ಪ್ರತ್ಯೇಕ ಪೆಟ್ಟಿಗೆ ಮಾಡಿ ಮಾರಿತು. ಡಿಕ್ ಡೇಲ್‌ಗೆ ಇದು ಮೊದಲು ಬೇಕಾಗಿದ್ದು ತಮ್ಮ ಹಾಡುವ ದನಿಗೆ. ಗಿಟಾರಿಗೆ ಹಾಕಿ ನೋಡಿದ್ದು ಆಮೇಲೆ.

ಗಿಟಾರಿಸ್ಟ್ ಅಂಗೈ ಅಂಚಿನಿಂದ ತಂತಿಯನ್ನು ಒತ್ತಿ ಹಿಡಿದು ಚುಟುಕಾಗಿ ಮೀಟಿದಾಗ ಕಿವಿಗೊಡಿ. ತುಂಬಿದ ಬಕೆಟ್‌ಗೆ ನಲ್ಲಿಯಿಂದ ಹನಿ ಬಿದ್ದಂತೆ 'ಪ್ಲಕ್' ಅನ್ನುತ್ತೆ. ನುಡಿಸುವವರು ಇದಕ್ಕೆ 'ಡ್ರಿಪ್' ಅನ್ನುತ್ತಾರೆ. ರೆಕಾರ್ಡ್‌ನಲ್ಲಿ ಇದು ಹಿಂದೆ ಎಲ್ಲೋ ಇರುತ್ತೆ, ಎದುರಿಗೆ ನಿಂತಾಗ ಮೈಗೇ ತಾಕುತ್ತೆ. ನಾನು ಜನರನ್ನು ಗಿಗ್‌ಗೆ ಎಳೆದುಕೊಂಡು ಹೋಗೋದು ಈ ಒಂದು ಸದ್ದಿಗಾಗಿ. ಕೆಲವರು ಟ್ಯೂನ್ ಕೊನೆಯಲ್ಲಿ ಪೆಟ್ಟಿಗೆಯನ್ನು ಬೇಕಂತಲೇ ಅಲ್ಲಾಡಿಸುತ್ತಾರೆ, ಆಗ ಸ್ಪ್ರಿಂಗ್‌ಗಳು ಒಂದಕ್ಕೊಂದು ಬಡಿದು ಹಾಲ್ ತುಂಬ ಗುಡುಗು.

ಪೆಟ್ಟಿಗೆ ಇಲ್ಲದಿದ್ದರೆ ಬೇಜಾರು ಬೇಡ. ಹಳೇ ಪೆಟ್ಟಿಗೆ ದುಬಾರಿ, ಭಾರ, ಆಟೋದಲ್ಲಿ ಸಾಗಿಸೋದು ಕಷ್ಟ. ಇಲ್ಲಿ ಹೆಚ್ಚಿನವರು ಕಾಲಡಿಯ ಪೆಡಲ್‌ನಲ್ಲೇ ರಿವರ್ಬ್ ತರುತ್ತಾರೆ. ಒಳ್ಳೇ ಕೈಯಲ್ಲಿ ಅದೂ ಸೊಗಸಾಗಿ ನುಡಿಯುತ್ತೆ.

ಗಿಟಾರಿನ ಬುಡದಲ್ಲಿರುವ ಸಣ್ಣ ಲೋಹದ ಕಡ್ಡಿಯನ್ನೂ ನೋಡಿ. ಅದನ್ನು ಒತ್ತಿದರೆ ಸ್ವರ ಕುಸಿದು ಮತ್ತೆ ಏಳುತ್ತೆ. ಇನ್ನು ಬೇಸ್ ಮತ್ತು ಲಯ ಹಿಡಿದು ನುಡಿಸುವ ರಿದಂ ಗಿಟಾರ್. ಎಲ್ಲರ ಕಣ್ಣೂ ಲೀಡ್ ಮೇಲಿರುತ್ತೆ, ಆದರೆ ಒಂದು ಟ್ಯೂನ್ ಪೂರ್ತಿ ರಿದಂ ಗಿಟಾರನ್ನು ಮಾತ್ರ ಕೇಳಿ ನೋಡಿ. ಅವರು ಒಂದು ಬಡಿತ ತಪ್ಪಿದರೂ ಇಡೀ ಬ್ಯಾಂಡ್ ಎಡವುತ್ತೆ.

ಏಳನೇ ಹೆಜ್ಜೆ: ಕುಣಿಯಿರಿ, ಫೋನ್ ಒಳಗಿಡಿ

ಕೈಕಟ್ಟಿ ನಿಂತು ಕೇಳುವ ಸಂಗೀತ ಅಲ್ಲ ಇದು. ಸ್ಟೆಪ್ಸ್ ಏನೂ ಬೇಕಿಲ್ಲ, ಸುಮ್ನೆ ಮೊಣಕಾಲು ಸಡಿಲ ಬಿಟ್ಟು ಡ್ರಮ್ಸ್‌ಗೆ ತಕ್ಕಂತೆ ತೂಗಿದರೆ ಸಾಕು. ಮುಂದೆ ಮೂರು ಜನ ಕುಣಿದರೆ ಬ್ಯಾಂಡ್‌ನ ಕೈ ಇನ್ನೂ ಜೋರಾಗುತ್ತೆ. ವಿಡಿಯೊ ಬೇಕಿದ್ದರೆ ಒಂದು ಟ್ಯೂನ್ ಮಾಡಿಕೊಳ್ಳಿ. ಫೋನಿನ ಮೈಕ್‌ನಲ್ಲಿ ಆ ಜೋರಿಗೆ ದನಿ ಒಡೆದು ಹೋಗುತ್ತೆ, ಮನೆಗೆ ಬಂದು ಕೇಳಿದರೆ ಬರೀ ಗೊರಗೊರ. ಟ್ಯೂನ್‌ಗಳು ಚಿಕ್ಕವು, ಎರಡು ಎರಡೂವರೆ ನಿಮಿಷದಲ್ಲಿ ಮುಗಿದುಬಿಡುತ್ತವೆ. ಪಕ್ಕದವರ ಜತೆ ಮಾತಾಡೋದನ್ನು ಟ್ಯೂನ್‌ಗಳ ಮಧ್ಯಕ್ಕೆ ಇಟ್ಟುಕೊಳ್ಳಿ.

ಮುಗಿದ ಮೇಲೆ

ಚಪ್ಪಾಳೆ ತಟ್ಟಿ ಓಡಿಬರಬೇಡಿ. ಬ್ಯಾಂಡ್‌ನವರು ವೈರ್ ಸುತ್ತುತ್ತಾ ವೇದಿಕೆ ಹತ್ತಿರವೇ ಇರುತ್ತಾರೆ. ಹತ್ತು ನಿಮಿಷ ಬಿಟ್ಟು ಹೋಗಿ ಮಾತಾಡಿಸಿ. "ಚೆನ್ನಾಗಿತ್ತು ಸರ್" ಅಂತ ಮುಗಿಸದೆ ಯಾವ ಟ್ಯೂನ್ ಹಿಡಿಸಿತು ಅಂತ ಹೇಳಿ. ಹೆಸರು ಗೊತ್ತಿಲ್ಲದಿದ್ದರೆ ಗುನುಗಿ ತೋರಿಸಿ, ಅವರಿಗೆ ತಿಳಿಯುತ್ತೆ. ಯಾವ ರಿವರ್ಬ್, ಎಂಥ ತಂತಿ ಅಂತ ಕೇಳಿದರೆ ಖುಷಿಯಿಂದ ಹೇಳುತ್ತಾರೆ. ಟೀ ಶರ್ಟ್, ಸಿ.ಡಿ. ಮಾರಾಟಕ್ಕಿದ್ದರೆ ಒಂದು ತಗೊಳ್ಳಿ. ಈ ಬಗೆಯ ಬ್ಯಾಂಡ್‌ಗೆ ಪಬ್‌ನಿಂದ ಸಿಗೋದು ಕಡಿಮೆ, ಪ್ರಾಕ್ಟೀಸ್ ರೂಮಿನ ಬಾಡಿಗೆಗಾದರೂ ಅದು ಒದಗುತ್ತೆ.

ಪಬ್‌ನ ಮ್ಯಾನೇಜರ್‌ಗೂ ಒಂದು ಮಾತು ಹೇಳಿ: "ಈ ಬ್ಯಾಂಡನ್ನ ಮತ್ತೆ ಕರೆಸಿ, ನಾವು ನಾಲ್ಕು ಜನ ಬರ್ತೀವಿ." ಯಾರಿಗೆ ಮತ್ತೆ ದಿನ ಕೊಡಬೇಕು ಅಂತ ನಿರ್ಧರಿಸುವವರ ಕಿವಿಗೆ ಇಂಥ ಮಾತು ಬೀಳಲೇಬೇಕು. ಮುಂದಿನ ಗಿಗ್ ಯಾವಾಗ, ಎಲ್ಲಿ ಅಂತ ಬ್ಯಾಂಡ್‌ನವರ ಬಾಯಿಂದಲೇ ಕೇಳಿ ಫೋನಿನಲ್ಲಿ ಬರೆದಿಟ್ಟುಕೊಂಡು ಮೆಟ್ರೋ ಕಡೆ ಹೊರಡಿ.